ಎಲ್ಲರ ಹಿಂದೆ ನಡೆದ ಖಂಡೆಪ್ಪ

ಖಂಡೆಪ್ಪ ಯಾರ ಮುಂದೆಯೂ ನಡೆದವನಲ್ಲ. ಇಬ್ಬರು ಹೊರಟರೆ ಎರಡನೆಯವನು, ಹತ್ತು ಮಂದಿ ಹೊರಟರೆ ಹತ್ತನೆಯವನು. ಬೇಸಿಗೆಯಲ್ಲೂ ಹೆಗಲಿನಿಂದ ಇಳಿಯದ ಕರಿಕಂಬಳಿ, ಬೆನ್ನಿಗೆ ಅಡ್ಡವಾಗಿ ಹಿಡಿದ ಕೋಲು, ಅದರ ಎರಡು ತುದಿಗೆ ಜೋತುಬಿಟ್ಟ ಕೈಗಳು. ಕಣ್ಣು ಮಾತ್ರ ಮುಂದೆ ಹೋಗುವವರ ಕಾಲುಗಳ ಮೇಲೆ. ಬೀರಪ್ಪ ದೇವರ ಒಕ್ಕಲಾದ ಕುರಿಗಾರರ ಮನೆಯಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಹಿಂಡಿನ ಹಿಂದೆ ನಡೆಯಲು ಕಲಿತವನು ಅವನು. ಯಾವುದು ಕುಂಟುತ್ತಿದೆ, ಯಾವುದು ಗಬ್ಬವಾಗಿದೆ, ಯಾವ ಮರಿ ಸೋತಿದೆ ಎಂಬುದು ಹಿಂದಿನಿಂದ ನೋಡುವವನಿಗೆ ಮಾತ್ರ ತಿಳಿಯುತ್ತದೆ ಎಂದು ಅವನ ಅಪ್ಪ ಕಲಿಸಿದ್ದನಂತೆ. ಅಪ್ಪ ಹೋದ, ಹಿಂಡು ಹೋಯಿತು, ಆ ನಡಿಗೆ ಮಾತ್ರ ಹಾಗೆಯೇ ಉಳಿಯಿತು.

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಅವನು ಮುದುಕಿಯರನ್ನು ಹತ್ತಿಸಿದ, ಬಾಣಂತಿಯೊಬ್ಬಳ ಗಂಟು ಮೇಲಿಟ್ಟ, ಆಮೇಲೆ ಬಂದವರಿಗೂ ದಾರಿ ಬಿಟ್ಟು ಪಕ್ಕಕ್ಕೆ ನಿಂತ. ಕಂಡಕ್ಟರು ಮರಾಠಿಯಲ್ಲಿ “ಆಜೋಬಾ, ಯಾಯಚಂ ಕಾ ನಾಹೀ?” ಎಂದು ಕೂಗಿ, ಅಜ್ಜ ಬರುತ್ತಾನೋ ಇಲ್ಲವೋ ಎಂಬ ಉತ್ತರಕ್ಕೆ ಕಾಯದೆ ಗಂಟೆ ಹೊಡೆದ. ಬಸ್ಸು ಹೋಯಿತು. ಖಂಡೆಪ್ಪ ನನ್ನ ಬಳಿ ಬಂದು ಸಂತೋಷದಿಂದ, “ನೋಡು ಮಾಸ್ತರ, ಎಲ್ಲಾರೂ ಹತ್ತ್ಯಾರ” ಎಂದ.

“ನೀ ಹತ್ತಿಲ್ಲಲ್ಲೋ?”

“ನಾ ಎಲ್ಲಾರೊಳಗ ಬರಂಗಿಲ್ಲ.”

ನಾಲ್ಕನೆಯ ವರ್ಗಕ್ಕೆ ಪಾಟಿ ಕೆಳಗಿಟ್ಟ ಈ ಮನುಷ್ಯ ಶಾಲೆ ಕಟ್ಟಿದ. ತುರೋರಿ ಊರಿನ ಹೊರಗೆ, ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗಿದ್ದ ತನ್ನ ಹೊಲದಲ್ಲಿ, ದೀಪಾವಳಿ ಮುಗಿದೊಡನೆ ಕುರಿ ಹೊಡೆದುಕೊಂಡು ಊರು ಬಿಡುವವರ ಮಕ್ಕಳಿಗಾಗಿ ಎಂಟನೆಯ ವರ್ಗದವರೆಗಿನ ಕನ್ನಡ ಶಾಲೆ, ಪಕ್ಕದಲ್ಲೊಂದು ಬೋರ್ಡಿಂಗು. ಮಾಸ್ತರಿಕೆಯಿಂದ ನಿವೃತ್ತನಾಗಿದ್ದ ನಾನು ಕಾರ್ಯದರ್ಶಿಯಾದೆ. ಒಂಬತ್ತು ವರ್ಷ ನಾವಿಬ್ಬರೇ ಅಲ್ಲಿ ಎಲ್ಲವೂ ಆಗಿದ್ದೆವು. ಉದಗೀರದ ಡಾಕ್ಟರು ಅವನ ಎರಡೂ ಮೂತ್ರಪಿಂಡಗಳು ಸೋಲುತ್ತಿವೆ ಎಂದು ಹೇಳಿದ ದಿನ, ಮರಳುವ ಬಸ್ಸಿನಲ್ಲಿ ಅವನು ಆ ಮಾತನ್ನೇ ಎತ್ತಲಿಲ್ಲ. ನಿಲಂಗಾ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ:

“ಮಾಸ್ತರ, ನಾ ಹ್ವಾದ ಮ್ಯಾಲೂ ಸಾಲಿ ನಡೀಬೇಕು. ನನ್ನ ಜಾಗಾಕ್ಕ ಮಂದಿ ಹುಡುಕೂಣು. ಒಬ್ಬಾಂವ ಸಾಕಾಗಂಗಿಲ್ಲ, ಮೂರ್ನಾಕು ಮಂದಿ ಬೇಕು.”

“ನನ್ನ ಜಾಗಾಕ್ಕ?”

“ನಿನ್ನ ಜಾಗಾಕ್ಕ ಅರ್ಧಾ ಮನಶಾ ಸಾಕು.”

ಜಾಹೀರಾತು ಕೊಟ್ಟೆವು. ಉದಗೀರ, ನಿಲಂಗಾ, ಮುರುಮಗಳಿಂದ ಅರ್ಜಿಗಳು ಬಂದವು. ಕೋಣೆಯಲ್ಲಿ ಪ್ರಶ್ನೆ ಕೇಳುವ ಕೆಲಸ ನನ್ನದು. ಖಂಡೆಪ್ಪ ಮೂಲೆಯಲ್ಲಿ ಕೂತು ತುಟಿ ಬಿಚ್ಚುತ್ತಿರಲಿಲ್ಲ. ಎಲ್ಲ ಮುಗಿದು ಬಂದವರು ಎದ್ದು ನಿಂತಾಗ, “ಬರ್ರಿ, ಬಸ್ಸಿನ ತನಕ ಬಿಟ್ಟು ಬರ್ತೀನಿ” ಎಂದು ತಾನೂ ಹೊರಡುತ್ತಿದ್ದ. ನಿಜವಾದ ಪರೀಕ್ಷೆ ಶುರುವಾಗುತ್ತಿದ್ದದ್ದು ಆಗಲೇ. ಹೊಲದ ದಾರಿಯಲ್ಲಿ ಅರ್ಧ ಹೋದ ಮೇಲೆ ಅವನ ಚಪ್ಪಲಿಯ ಉಂಗುಟ ಕೀಳುತ್ತಿತ್ತು, ಇಲ್ಲವೇ ಕಾಲಿಗೆ ಮುಳ್ಳು ತಾಗುತ್ತಿತ್ತು. ಅವನು ಸದ್ದಿಲ್ಲದೆ ಹಿಂದುಳಿಯುತ್ತಿದ್ದ. ಮುಂದೆ ಹೋಗುತ್ತಿರುವವರು ಎಷ್ಟು ಹೆಜ್ಜೆಯ ಮೇಲೆ ಹಿಂದಿರುಗಿ ನೋಡುತ್ತಾರೆ ಎಂಬುದೊಂದೇ ಅವನಿಗೆ ಬೇಕಾದದ್ದು.

ಮುರುಮದ ಉಮಾಕಾಂತ ಎಂಟನೆಯ ಹೆಜ್ಜೆಗೇ ತಿರುಗಿದ. ತಿರುಗಿದ್ದಷ್ಟೇ ಅಲ್ಲ, ವಾಪಸು ಬಂದು, ಮಣ್ಣಲ್ಲಿ ಕೂತು, ತನ್ನ ಚೀಲದ ದಾರ ಹರಿದು ಆ ಚಪ್ಪಲಿಯನ್ನು ಕಟ್ಟಿಕೊಟ್ಟ. ಅಂದೇ ಅವನು ಮುಖ್ಯಾಧ್ಯಾಪಕನಾದ. ಬೋರ್ಡಿಂಗಿಗೂ ಕಚೇರಿಗೂ ಆಯ್ಕೆಯಾದ ಇನ್ನಿಬ್ಬರು ಇದೇ ದಾರಿಯಲ್ಲಿ ತಿರುಗಿ ನೋಡಿದವರೇ.

ನಿಲಂಗಾದಿಂದ ಬಂದ ಸ್ವಪ್ನಾಲಿಯ ಅರ್ಜಿ ಎಲ್ಲರದಕ್ಕಿಂತ ಮೇಲಿತ್ತು. ಬೇರೆ ಎರಡು ಶಾಲೆಗಳಿಗೆ ಒಂಬತ್ತು, ಹತ್ತನೆಯ ವರ್ಗದ ಮಂಜೂರಾತಿ ತರಲು ಓಡಾಡಿದವಳು ಆಕೆ. ನನ್ನ ಪ್ರಶ್ನೆಗಳಿಗೆ ಮುಲಾಜಿಲ್ಲದೆ ಉತ್ತರಿಸಿದ್ದಳು. ಆದರೆ ಹೊಲದ ದಾರಿಯಲ್ಲಿ ಆಕೆ ಕೈಗಡಿಯಾರ ನೋಡುತ್ತ ಬಿರಬಿರನೆ ನಡೆದು, ಹಿಂದೆ ಯಾರಿದ್ದಾರೆ ಎಂಬುದನ್ನೇ ಮರೆತು, ಖಂಡೆಪ್ಪ ಹೆದ್ದಾರಿ ಮುಟ್ಟುವ ಮೊದಲೇ ಬಸ್ಸು ಹತ್ತಿ ಹೋಗಿದ್ದಳು.

“ಹಿಂದ ತಿರುಗಿ ನೋಡಲಿಲ್ಲ, ಮಾಸ್ತರ. ಆಕಿ ಬ್ಯಾಡ.”

ನಾನು ನಕ್ಕೆ. ನಕ್ಕು, ನಿರಾಕರಣೆಯ ಕಾಗದವನ್ನು ನನ್ನ ಕೈಯಾರೆ ಬರೆದೆ. ಆ ನಗು ಈಗ ನೆನಪಾದಾಗಲೆಲ್ಲ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಒಂದು ವರ್ಷ ಶಾಲೆ ಒಂದು ಮನೆಯಂತಿತ್ತು. ಯಾರೂ ಯಾರಿಗೂ ಎದುರಾಡುತ್ತಿರಲಿಲ್ಲ, ಅಳುವ ಮಗುವನ್ನು ಸಂತೈಸಲು ನಾಲ್ವರು ಓಡುತ್ತಿದ್ದರು. ಒಂಬತ್ತನೆಯ ವರ್ಗದ ಮಂಜೂರಾತಿಗೆ ಪ್ರಸ್ತಾವ ಸಲ್ಲಿಸುವ ಕಾಲ ಬಂತು. ಪ್ರತಿ ಮಗುವಿನ ಜನ್ಮದಾಖಲೆ ಲಗತ್ತಿಸಬೇಕೆಂದು ಉಮಾಕಾಂತನ ಹಟ. ಐದು ಮಕ್ಕಳ ತಂದೆತಾಯಿ ಕುರಿಯೊಂದಿಗೆ ಎಲ್ಲೋ ದೂರದ ಬಯಲಲ್ಲಿದ್ದರು. ಉಳಿದವರದ್ದನ್ನು ಮೊದಲು ಕೊಟ್ಟು ಆ ಐದನ್ನು ಆಮೇಲೆ ಸೇರಿಸೋಣ ಎಂದು ಯಾರೊಬ್ಬರೂ ಹೇಳಲಿಲ್ಲ. ಹಾಗೆ ಹೇಳಬಲ್ಲವರನ್ನು ನಾವು ಆರಿಸಿಯೇ ಇರಲಿಲ್ಲ. ಕೊನೆಯ ದಾಖಲೆ ಕೈಗೆ ಬಂದಾಗ ಗಡುವು ಮುಗಿದು ಮೂರು ದಿನವಾಗಿತ್ತು.

ಆ ವರ್ಷ ಎಂಟನೆಯ ವರ್ಗ ಮುಗಿಸಿದ ಹನ್ನೊಂದು ಹುಡುಗಿಯರಲ್ಲಿ ನಾಲ್ವರು ಉಮರ್ಗಾದ ಶಾಲೆಗೆ ಹೋದರು. ಏಳು ಮಂದಿ ಕುರಿಯ ಹಿಂದೆ ಹೋದರು. ಆ ಏಳರಲ್ಲಿ ಇಡೀ ಶಾಲೆಗೇ ಮೊದಲು ಬರುತ್ತಿದ್ದ ಜಗದೇವಿಯೂ ಇದ್ದಳು. ಹೊರಡುವ ದಿನ ಖಂಡೆಪ್ಪನ ಕಾಲಿಗೆ ಬಿದ್ದು ಎದ್ದವಳು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು:

“ಮುತ್ಯಾ, ನಾ ಮುಂದ ಇದ್ದೆ ಅಂತ ನನ್ನ ಕಡಿ ಯಾರೂ ನೋಡಲಿಲ್ಲೇನು?”

ಅವನು ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ನನ್ನ ಮನೆಗೆ ಬಂದು, “ಎಲ್ಲಾರೂ ನನ್ನಂಥವರನ್ನೇ ತಂದು ಕುಂದ್ರಿಸೀನಿ, ಮಾಸ್ತರ. ನಡಿ, ನಿಲಂಗಾಕ್ಕ” ಎಂದ.

ಸ್ವಪ್ನಾಲಿ ಬಾಗಿಲಲ್ಲಿ ನಮ್ಮನ್ನು ನೋಡಿ ಆಶ್ಚರ್ಯಪಡಲಿಲ್ಲ. ಚಹಾ ತಂದಿಟ್ಟಳು. ಖಂಡೆಪ್ಪ ತನ್ನ ಪರೀಕ್ಷೆಯ ಗುಟ್ಟನ್ನು ಏನೂ ಮುಚ್ಚಿಡದೆ ಹೇಳಿ, ಬಂದು ಶಾಲೆ ನಡೆಸಬೇಕೆಂದು ಕೇಳಿಕೊಂಡ.

“ಅವತ್ತ ಅದು ಕಡೀ ಬಸ್ಸರೀ,” ಎಂದಳು ಆಕೆ. “ನನ್ನ ಕೂಸಿಗೆ ಆಗ ಐದು ತಿಂಗಳು, ಮನ್ಯಾಗ ಹಾಲಿಗೆ ಅಳ್ತಿತ್ತು. ಯಾಕ ಇಷ್ಟು ಓಡ್ತೀ ಅಂತ ಒಂದು ಮಾತು ಕೇಳಬೇಕು ಅನಸಲಿಲ್ಲೇನು ನಿಮಗ?”

“ಇಲ್ಲವ್ವ. ಕುರಿ ಕಾದಾಂವ ನಾ. ಕುರಿಗೆ ಯಾರು ಕೇಳ್ತಾರ?”

ಆಕೆಗೆ ನಗು ಬಂತು. ಆದರೆ ನಕ್ಕು ಒಪ್ಪಿಕೊಂಡುಬಿಡಲಿಲ್ಲ. ಎರಡು ಕರಾರು ಹಾಕಿದಳು. “ಉಮಾಕಾಂತ ಸರ್ ಇರಬೇಕು. ಅವರು ಇಲ್ಲಂದ್ರ ನಾ ಮಕ್ಕಳನ್ನ ಬರೇ ಓಡಸ್ತೀನಿ. ಇನ್ನೊಂದು, ನೀವು ಸಾಲಿಗಿ ಬರಬಾರದು. ನೀವು ಬಂದ್ರ ಎಲ್ಲಾರೂ ನಿಮ್ಮ ಮಾರಿ ನೋಡ್ತಾರ. ನನ್ನ ಮಾತು ಯಾರು ಕೇಳಬೇಕು?”

ನನಗೆ ಸಿಟ್ಟು ಬಂತು. ಖಂಡೆಪ್ಪನ ಚಹಾದ ಮೇಲೆ ಕೆನೆ ಕಟ್ಟಿತು.

“ಪಂದ್ರಾ ಆಗಸ್ಟಿಗೆ, ಝಂಡಾ ಏರಿಸೂ ದಿನಾ?” ಎಂದು ಕೊನೆಗೆ ಕೇಳಿದ.

“ಪಂದ್ರಾ ಆಗಸ್ಟಿಗೆ ಬರ್ರಿ. ಭಾಷಣಾ ಮಾಡಬ್ಯಾಡ್ರಿ.”

“ಅಂವಾ ಭಾಷಣಾ ಮಾಡಂಗಿಲ್ಲ, ಅದರದೊಂದು ಕಾಳಜಿ ಬಿಡು” ಎಂದೆ ನಾನು, ಸೋತು.

ಮನೆಯಲ್ಲಿ ಅವನ ಹೆಂಡತಿ ಚಂದ್ರಭಾಗಾ ಹಣೆ ಬಡಿದುಕೊಂಡಳು. “ಸ್ವಂತ ಹೊಲದಾಗ ಕಾಲಿಡಾಕ ಪರವಾನಗಿ ಬೇಕಾತೇನು ನಿನಗ?”

“ಬೇಕಾತು” ಎಂದನಷ್ಟೇ.

ಅವನು ಬದುಕಿದ್ದ ಕೊನೆಯ ಒಂದೂವರೆ ವರ್ಷ, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋದ ದಿನಗಳನ್ನು ಬಿಟ್ಟರೆ, ಮನೆಯ ಕಟ್ಟೆಯ ಮೇಲೆಯೇ ಕಳೆಯಿತು. ಶಾಲೆಯ ಗಂಟೆ ಅಲ್ಲಿಗೆ ಕೇಳಿಸುತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಕಂಬಳಿ ಸರಿಪಡಿಸಿಕೊಂಡು ನೆಟ್ಟಗೆ ಕೂರುತ್ತಿದ್ದ. ಬೇಲಿ ದಾಟಿ ಒಮ್ಮೆಯೂ ಹೋಗಲಿಲ್ಲ, ಪಂದ್ರಾ ಆಗಸ್ಟಿಗೂ. ಸಂಜೆ ನಾನು ಹೋದರೆ ಅವನದು ಒಂದೇ ಪ್ರಶ್ನೆ:

“ಉಮಾಕಾಂತ ಆಕಿ ಕೂಡ ಜಗಳಾಡ್ತಾನೇನು?”

“ಆಡ್ತಾನ. ಲೆಕ್ಕದಾಗ ಹಿಂದುಳಿದ ಮಕ್ಕಳ ಸಲುವಾಗಿ ಪರೀಕ್ಷಾ ಮುಂದಕ್ಕ ಹಾಕ್ರಿ ಅಂತಾನ ಅಂವಾ. ಹಾಕಂಗಿಲ್ಲ ಅಂತಾಳ ಆಕಿ.”

“ಕಡೀಕೇನಾತು?”

“ಪರೀಕ್ಷಾ ಮುಂದಕ್ಕ ಹೋಗಲಿಲ್ಲ. ದಿನಾ ಒಂದು ತಾಸು ಅಂವಾ ಬ್ಯಾರೆ ಕಲಸ್ತಾನ.”

“ಚೊಲೋ ಆತು” ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನ ಮುಖ ಊದಿಕೊಂಡಿತ್ತು, ಕಾಲಿಗೆ ಚಪ್ಪಲಿ ಹಿಡಿಸುತ್ತಿರಲಿಲ್ಲ. ತನ್ನ ಶಾಲೆ ತಾನಿಲ್ಲದೆ ನಡೆಯುವ ಸದ್ದನ್ನು ಕಿವಿಗೊಟ್ಟು ಕೇಳುತ್ತ ಒಬ್ಬ ಮನುಷ್ಯ ದಿನ ಕಳೆಯುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದು ಸುಖವೋ ಸಂಕಟವೋ ನನಗೆ ಇಂದಿಗೂ ತಿಳಿಯದು. ಅವನನ್ನು ಕೇಳುವ ಧೈರ್ಯವೂ ಆಗಲಿಲ್ಲ.

ಮಾಘದ ಒಂದು ಸೋಮವಾರ ಬೆಳಗ್ಗೆ ಅವನು ತೀರಿಕೊಂಡ. ಒಂಬತ್ತನೆಯ ವರ್ಗದ ಮಂಜೂರಾತಿಗಾಗಿ ತಪಾಸಣೆಯವರು ಬರಬೇಕಾಗಿದ್ದದ್ದೂ ಅದೇ ದಿನ. ಉಮಾಕಾಂತ ಅಳುತ್ತಲೇ, ದಿನ ಬದಲಿಸಲು ಫೋನು ಮಾಡೋಣ ಎಂದನಂತೆ. ಇವತ್ತು ತಪ್ಪಿದರೆ ಮತ್ತೊಂದು ವರ್ಷ ಎಂದಳಂತೆ ಸ್ವಪ್ನಾಲಿ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಅವನು ಮಣ್ಣಿಗೆ ಬಂದ. ದೊಡ್ಡ ಮಕ್ಕಳನ್ನು ತರಗತಿಯಲ್ಲಿ ಕೂರಿಸಿಕೊಂಡು ಆಕೆ ಶಾಲೆಯಲ್ಲೇ ಉಳಿದಳು. “ಕರದು ಕುರ್ಚಿ ಕೊಟ್ಟಾಂವನ ಮಣ್ಣಿಗೂ ಬರಲಿಲ್ಲ ಆಕಿ” ಎಂದು ಜನ ಆಡಿಕೊಂಡರು. ಹಿಡಿಮಣ್ಣು ಹಾಕುವಾಗ ನಾನೂ ಹಾಗೆಯೇ ಅಂದುಕೊಂಡೆ ಎಂಬುದನ್ನು ಇಲ್ಲಿ ಬರೆಯಲೇಬೇಕು.

ಸಂಜೆ ಆಕೆ ಬಂದಳು. ಕೈಯಲ್ಲಿ ಫೈಲು ಇನ್ನೂ ಹಾಗೇ ಇತ್ತು, ಒಳಗೆ ಬರಲು ಅಂಜಿ ಹೊಸ್ತಿಲಲ್ಲಿ ನಿಂತಳು. ದಿನವಿಡೀ ಯಾರೊಡನೆಯೂ ಮಾತಾಡದ ಚಂದ್ರಭಾಗಾ ತಲೆಯೆತ್ತಿದಳು.

“ಏನಂದ್ರು?”

“ಆಗ್ತದಂತರೀ, ಅವ್ವಾ. ಜೂನಿನಿಂದ.”

ಚಂದ್ರಭಾಗಾ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು. ಸ್ವಪ್ನಾಲಿ ಅಳತೊಡಗಿದ್ದು ಅಲ್ಲಿ ಕೂತ ಮೇಲೆಯೇ.

ಜೂನಿನಲ್ಲಿ ಒಂಬತ್ತನೆಯ ವರ್ಗ ಶುರುವಾಯಿತು. ಜಗದೇವಿಗೆ ಹೇಳಿಕಳಿಸಿದೆವು. ಅವಳು ಬರಲಿಲ್ಲ, ಚೈತ್ರದಲ್ಲೇ ಅವಳ ಮದುವೆ ಮಾಡಿಬಿಟ್ಟಿದ್ದರು.

ತಾವು ಕಟ್ಟಿದ್ದನ್ನು ತಮ್ಮಂಥವರ ಕೈಗೇ ಕೊಟ್ಟು ಹೋಗಬೇಕೆಂಬ ಆಸೆ ಕಟ್ಟಿದವರೆಲ್ಲರಿಗೂ ಇರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆ ಆಸೆಯನ್ನು ಬಿಡಬಲ್ಲವರು ಅಪರೂಪ. ತಾವು ತೀರಿಹೋದಾಗ ಕೆಲಸ ನಿಲ್ಲಬಾರದೆಂದು ಅವರು ಬದುಕಿರುವಾಗಲೇ ಒಂದೊಂದಾಗಿ ತಮ್ಮ ಜಾಗಗಳನ್ನು ತೆರವು ಮಾಡುತ್ತ ಬರುತ್ತಾರೆ, ಆ ಕೆಲಸ ಕೈಗೂಡಿದಷ್ಟೂ ಅವರನ್ನು ಕೇಳಿಕೊಂಡು ಬರುವವರು ಕಡಿಮೆಯಾಗುತ್ತಾರೆ. ಶಾಲೆಯಲ್ಲಿ ಖಂಡೆಪ್ಪನ ಕೊರತೆ ಈಗ ಯಾರಿಗೂ ಕಾಣುವುದಿಲ್ಲ. ಕಾಣಬಾರದೆಂದೇ ಅವನು ಅಷ್ಟೆಲ್ಲ ಪಾಡುಪಟ್ಟದ್ದು. ಇಂಥವರು ಎಲ್ಲರ ಸಲುವಾಗಿಯೂ ಏರ್ಪಾಡು ಮಾಡಿ ಹೋಗುತ್ತಾರೆ, ಹಿಂದುಳಿದ ಗೆಳೆಯನೊಬ್ಬನ ಹೊರತು.