ಒಂದು ಬೆನ್ನಿನಷ್ಟು ಜಾಗ

ಹಲ್ಲುದುರಿದ ವಸಡಿನ ಹಾಗೆ ಕಾಣುತ್ತದೆ ಅದು, ಶೆಡ್ಡಿನ ನೆಲದ ಮೇಲೆ ಬಿದ್ದಿರುವ ಟೈಮಿಂಗ್ ಬೆಲ್ಟು, ನಡುವೆ ಹರಿದಿದೆ, ಸುಟ್ಟ ರಬ್ಬರಿನ ವಾಸನೆ, ಸೋನುನ್ ತನ್ನ ಕೋಟಿನ ಗುಂಡಿ ಹಾಕಿಕೊಂಡಳು, ಬಿಚ್ಚಿದಳು, ಇಂಥದೊಂದು ಪಟ್ಟಿ ಕಾರಿನೊಳಗೆ ಇದೆಯೆಂದೇ ಬೆಳಗಿನವರೆಗೆ ಗೊತ್ತಿರಲಿಲ್ಲ — ಏರಿನಲ್ಲಿ ಇಂಜಿನ್ ಸುಮ್ಮನೆ ನಿಂತುಬಿಟ್ಟಿತು, ಅವ್ವನ ಉಸಿರೂ ಹಾಗೇ ನಿಂತಿತಂತೆ, ಚಹಾದ ಬಟ್ಟಲು ಕೈಯಲ್ಲಿದ್ದ ಹಾಗೇ, ತಂಗಿ ಮೈರಮ್ ಫೋನಿನಲ್ಲಿ ಹೇಳಿದ್ದು. ಯಾರೋ ಲಾರಿಯವನು ಹಗ್ಗ ಕಟ್ಟಿ ಕೊಚ್ಕೋರ್ ಎಂಬ ಊರಿನ ಈ ಶೆಡ್ಡಿಗೆ ಎಳೆದು ತಂದ, ಅವ್ವನ ಊರು ಇನ್ನೂ ಘಟ್ಟದಾಚೆ, ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಅವ್ವನನ್ನು ಎತ್ತುತ್ತಾರೆ, ಹೆಂಗಸರು ಗೋರಿಯವರೆಗೆ ಹೋಗುವ ಹಾಗಿಲ್ಲ, ತಡವಾದರೆ ಆ ಮುಖ ಮತ್ತೆ ಕಾಣುವುದಿಲ್ಲ. ಹೆದರಬೇಡ ತಂಗಿ, ಈ ಊರಲ್ಲಿ ಕುರಿಗಿಂತ ಜಾಸ್ತಿ ಇರೋದು ಇದೇ ಕಾರು, ಬೆಲ್ಟು ನನ್ನತ್ರ ಯಾವಾಗಲೂ ಇರುತ್ತೆ, ಎನ್ನುತ್ತಾನೆ ಮೆಕ್ಯಾನಿಕ್ ಶಾಮೆನ್, ಅರ್ಧ ದೇಹ ಬಾನೆಟ್ಟಿನ ಒಳಗೆ, ಆದ್ರೆ ಒಳಗೆ ವಾಲ್ವ್ ಬಗ್ಗಿದ್ರೆ ಮಾತ್ರ ನಾನೂ ಕೈ ಎತ್ತಬೇಕಾಗುತ್ತೆ, ಹಾಕಿ ತಿರುಗಿಸಿದ ಮೇಲೇ ಗೊತ್ತಾಗೋದು. ಅವ್ವನನ್ನು ಮಲಗಿಸಲು ಉಣ್ಣೆಯ ಗುಡಾರ ಎಬ್ಬಿಸಿರುತ್ತಾರೆ ಅಂಗಳದಲ್ಲಿ, ಒಳಗೆ ಹೆಂಗಸರು ಬಾಗಿಲಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತಿರುತ್ತಾರೆ, ಸಾಲು ಬೆನ್ನುಗಳು, ನಡುವೆ ಹಿರಿಮಗಳ ಜಾಗ ಖಾಲಿ, ಬೇರೆ ಯಾರೂ ಕೂರದ ಹಾಗೆ ಮೈರಮ್ ಅಲ್ಲಿಗೆ ಮೊಣಕಾಲು ಚಾಚಿ ಕಾಯುತ್ತಿರುತ್ತಾಳೆ.

ಮತ್ತೆ ಮೈರಮ್ ಫೋನು, ಅಕ್ಕಾ ಎಲ್ಲಿದ್ದೀಯ, ಮುಲ್ಲಾ ಬಂದಾಯ್ತು. ಬರ್ತಿದೀನಿ ಕಣೇ. ಯಾವುದಾದ್ರೂ ಟ್ಯಾಕ್ಸಿ ಹತ್ತಬಾರದಾ. ಹತ್ತಬಹುದಿತ್ತು, ಆಗಲೇ ಟ್ಯಾಕ್ಸಿಯವನೊಬ್ಬ ಕೂಗಿ ಕೇಳಿದ್ದನಲ್ಲ, ಒಂದು ಸೀಟಿದೆ ಅಕ್ಕ, ಘಟ್ಟದಾಚೆಗೆ ಬರ್ತೀರಾ, ಅವಳ ಬಾಯಿ ತಾನಾಗಿ ಹೇಳಿತು, ಬೇಡ, ನನ್ನ ಕಾರು ಈಗ ರೆಡಿಯಾಗುತ್ತೆ. ಯಾಕೆ ಹಾಗೆ ಹೇಳಿದೆ ನಾನು, ಶಾಮೆನ್ ತಲೆಯೆತ್ತಿ ಒಂದು ಕ್ಷಣ ನೋಡಿದ, ಮತ್ತೆ ಬಗ್ಗಿದ, ಹಲ್ಲಿನ ಚಕ್ರದ ಗುರುತಿಗೆ ಗುರುತು ಕೂಡಿಸಿ ಹೊಸ ಬೆಲ್ಟನ್ನು ಬೆರಳಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಾನೆ — ಅದು ಕೂರುವವರೆಗೆ ಅವ್ವ ಗುಡಾರದಲ್ಲೇ ಇರುತ್ತಾಳೆ, ಸೋನುನ್‌ಗೂ ಬಾಯಿ ತೆರೆಯಬೇಕಾಗಿಲ್ಲ. ಹೊಸ್ತಿಲಿನಲ್ಲೇ ಹಾಡಿ ಅಳಬೇಕು ಮಗಳು, ಪದ ಕಟ್ಟಿ, ಸತ್ತವಳ ಗುಣ ಹೇಳಿ, ಅವ್ವ ಅಳಲು ಕೂತರೆ ಪಕ್ಕದ ಊರಿನವರೂ ಬರುತ್ತಿದ್ದರು ಕೇಳಲು, ನಾನು ಸತ್ತಾಗ ನೀನು ಮೂಗಿ ಹಾಗೆ ಕೂತ್ಕೊಂಡ್ರೆ ಎದ್ದು ಬಂದು ಹೊಡೀತೀನಿ ನೋಡು, ರೊಟ್ಟಿ ತಟ್ಟುತ್ತ ನಗುತ್ತಿದ್ದಳು, ಹೊಡಿ ಅವ್ವ, ಎದ್ದು ಬಾ. ಒಂದು ಪದವೂ ಬರುತ್ತಿಲ್ಲ, ಘಟ್ಟದ ಬುಡದಿಂದ ಹುಡುಕುತ್ತಿದ್ದಾಳೆ, ಕಣ್ಣೆದುರು ಅದೇ, ಬೆನ್ನುಗಳೆಲ್ಲ ಕಾಯುತ್ತವೆ, ಅವಳು ಹೊಸ್ತಿಲಲ್ಲಿ ನಿಲ್ಲುತ್ತಾಳೆ, ಹಿಂದೆ ಯಾರೋ ಗುಸುಗುಸು, ಪೇಟೆಯವಳು, ಅಳೋಕೂ ಮರೆತಿದ್ದಾಳೆ.

ಶಾಮೆನ್ ಉದ್ದನೆಯ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಿಂದ ತಿರುಗಿಸುತ್ತಾನೆ, ನಿಧಾನ, ಕಿವಿ ಒಳಗೇ ಇಟ್ಟು, ಎಲ್ಲಾದರೂ ಕಬ್ಬಿಣಕ್ಕೆ ಕಬ್ಬಿಣ ತಗುಲಿದರೆ ಮುಗಿಯಿತು, ತಗುಲಲಿ ಎಂದು ಒಂದು ಮನಸ್ಸು, ತಗುಲದಿರಲಿ, ದೇವರೇ, ತಗುಲದಿರಲಿ, ಅವಳಿಗೇ ಗೊತ್ತಿಲ್ಲದೆ ಕೈ ಬಾನೆಟ್ಟನ್ನು ಹಿಡಿದುಕೊಂಡಿದೆ, ಅವ್ವನ ಮುಖ, ಬೇರೆ ಏನೂ ಬೇಡ, ಮುಖವೊಂದು. ಸುತ್ತು ಪೂರ್ತಿಯಾಯಿತು, ಇನ್ನೊಂದು ಸುತ್ತು. ಪುಣ್ಯವಂತೆ ನೀನು, ಎಲ್ಲೂ ತಗುಲಿಲ್ಲ, ಕೀ ತಿರುಗಿಸು. ಇಂಜಿನ್ ಕೆಮ್ಮಿ ಹಿಡಿದುಕೊಂಡಿತು. ಹೊರಡು ತಂಗಿ, ಇನ್ನೂ ಸಿಕ್ತಾರೆ ಅವ್ವ, ದುಡ್ಡು ವಾಪಸ್ ಬರೋವಾಗ ನೋಡೋಣ. ಗೇರು ಬಿತ್ತು, ಶೆಡ್ಡು ಹಿಂದಾಯಿತು, ಬಾಯಿ ತೆರೆದು ನೋಡಿದಳು, ಗಾಳಿ ಮಾತ್ರ, ಪದವಿಲ್ಲ, ಇಲ್ಲದಿದ್ದರೆ ಬೇಡ, ಬೆನ್ನಾದರೂ ಇದೆಯಲ್ಲ ನನಗೆ, ಹೋಗಿ ಕೂರುತ್ತೇನೆ, ಹೊಡಿ ಅವ್ವ, ಅಲ್ಲೇ ಕೂರುತ್ತೇನೆ, ಬೆನ್ನುಗಳು, ಬೆನ್ನುಗಳು, ನಡುವೆ ಒಂದು ಬೆನ್ನಿನಷ್ಟು ಜಾಗ, ಆ ಸಂದಿನಲ್ಲಿ ಕಾಣುವ ಬೂದು ಉಣ್ಣೆಯ ಗೋಡೆ, ಗೋಡೆ —