ಹಾಲುಕ್ಕಿಸಿದ ತಾರೀಖು

ಪರ್ತಿನ ಹ್ಯಾರಿಸ್‌ಡೇಲ್ ಬಡಾವಣೆಯ ಹೊಸ ಮನೆಯ ಬೀಗದ ಕೈ ಕಸ್ತೂರಿಗೆ ಸಿಕ್ಕಿದ್ದು ಜೂನ್ ಇಪ್ಪತ್ತೆರಡಕ್ಕೆ. ಆಷಾಢ ಹಿಡಿದು ಆಗಲೇ ಮೂರು ದಿನ. ಅದು ಮುಗಿದರೆ ಆ ವರ್ಷ ಅಧಿಕ ಶ್ರಾವಣ ಬೇರೆ. ಕೈಯಲ್ಲಿ ಬೀಗದ ಕೈ ಇಟ್ಟುಕೊಂಡೂ ಒಳಗೆ ಹೋಗಲು ಇವಳಿಗೆ ಎರಡು ತಿಂಗಳು ಬೇಕಾಯಿತು ಎಂದರೆ ನಂಬುತ್ತೀರಾ? ನಂಬಲೇಬೇಕು, ಎಲ್ಲಾ ಕೆಟ್ಟದ್ದೇ ಅಲ್ಲಿ.

"ಎರಡು ಹಾಸಿಗೆ ತಗೊಂಡ್ ಹೋಗಿ ಮಲಗ್ಬಿಡೋಣ ಕಣೆ. ಪೂಜೆ ಆಮೇಲೆ ಮಾಡ್ಕೊಂಡ್ರಾಯ್ತು," ಎಂದ ಗಂಡ ರಾಜಗೋಪಾಲ. ಆಸ್ಪತ್ರೆಯ ತುರ್ತು ವಿಭಾಗದ ಡಾಕ್ಟರು, ಅವನಿಗೆ ಎಲ್ಲವೂ ತುರ್ತೇ.

"ಬ್ರಿಸ್ಬೇನಲ್ಲಿ ಹಂಗೇ ನುಗ್ಗಿದ್ವಲ್ಲ, ಏನಾಯ್ತು ಅಂತ ಮರ್ತೇಹೋಯ್ತಾ ನಿಮಗೆ?" ಎಂದಳು ಕಸ್ತೂರಿ.

ಕಸ್ತೂರಿಯೂ ಡಾಕ್ಟರೇ. ಕ್ಲಿನಿಕ್ಕಿಗೆ ಬಂದವರು ದೃಷ್ಟಿ, ತಾಯಿತ ಎಂದೇನಾದರೂ ಎತ್ತಿದರೆ ನಕ್ಕು ಮಾತ್ರೆ ಬರೆದುಕೊಡುವವಳು. ಆದರೆ ಬ್ರಿಸ್ಬೇನಿನ ನಾರ್ತ್ ಲೇಕ್ಸಿನ ಮನೆಗೆ ದಿನ ನೋಡದೆ ಹೊಕ್ಕ ವರ್ಷವೇ ಮಗಳು ಅಪೂರ್ವ ಹೊರಗಿನವರೊಡನೆ ಮಾತು ನಿಲ್ಲಿಸಿದ್ದಳು. ಮನೆಯೊಳಗೆ ಪಟಪಟ, ಹೊಸಿಲು ದಾಟಿದರೆ ಬಾಯಿಗೆ ಬೀಗ. ಆತಂಕದಿಂದ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಚಿಕಿತ್ಸೆ ಇದೆ, ಮನೆಗೂ ಮುಹೂರ್ತಕ್ಕೂ ಸಂಬಂಧವಿಲ್ಲ ಎಂದು ಅವಳ ತಲೆಗೆ ಗೊತ್ತು. ಹೆತ್ತ ಕರುಳಿಗೆ ಅದನ್ನು ಹೇಳುವವರು ಯಾರು?

ಪರ್ತಿಗೆ ಬಂದ ಮೇಲೆ ಒಂದೇ ಒಂದು ಬಾಗಿಲು ತೆರೆದಿತ್ತು. ಅದು ರಂಜನಿ, ಕಸ್ತೂರಿಯ ಗೆಳತಿ ಸುಮತಿಯ ಮಗಳು, ಅಪೂರ್ವಳದೇ ತರಗತಿ. ಅವಳ ಕಿವಿಯಲ್ಲಿ ಮಾತ್ರ ಅಪೂರ್ವ ಪಿಸುಗುಡುತ್ತಿದ್ದಳು, ಅವಳು ಅದನ್ನು ಟೀಚರಿಗೆ ದಾಟಿಸುತ್ತಿದ್ದಳು. "ಇಬ್ಬರೂ ಒಂದೇ ಹೈಸ್ಕೂಲಿಗೆ ಹೋಗಲಿ. ಈಗ ಅಗಲಿಸಿದರೆ ಎಲ್ಲಾ ಮೊದಲಿಂದ ಶುರು ಮಾಡಬೇಕಾಗುತ್ತೆ," ಎಂದಿದ್ದರು ಚಿಕಿತ್ಸೆ ಕೊಡುವವರು. ಅಲ್ಲಿ ವಾಸದ ಬೀದಿ ನೋಡಿಯೇ ಸರ್ಕಾರಿ ಶಾಲೆಯ ಸೀಟು, ಆಗ ಇವರಿದ್ದ ಹೆದ್ದಾರಿಯಾಚೆಯ ಬಾಡಿಗೆ ಮನೆಗೆ ಆ ಹೈಸ್ಕೂಲು ಸಿಗುತ್ತಿರಲಿಲ್ಲ. ಅದಕ್ಕೇ ಸುಮತಿಯ ಬೀದಿಯಲ್ಲಿ, ಅವಳ ಮನೆಯಿಂದ ಮೂರನೆಯದನ್ನು ಕೊಂಡದ್ದು.

ಆಗಸ್ಟ್ ಇಪ್ಪತ್ತು, ಭಾನುವಾರ, ನಿಜ ಶ್ರಾವಣದಲ್ಲಿ ಗೃಹಪ್ರವೇಶವಾಯಿತು. ಹುಡುಗಿಯರಿಬ್ಬರೇ ಒಲೆ ಹಚ್ಚಿ ಹಾಲಿಟ್ಟರು. ಹಾಲು ಉಕ್ಕಿ ಪೂರ್ವಕ್ಕೇ ಚೆಲ್ಲಿತು. ಅಪೂರ್ವ ಅಷ್ಟು ಜನರ ನಡುವೆ ಕೈ ತಟ್ಟಿ ಕುಣಿದುಬಿಟ್ಟಳು, ಬಾಯಿಂದ ಮಾತ್ರ ಸದ್ದಿಲ್ಲ. ಇಷ್ಟಾಯಿತಲ್ಲ, ಇನ್ನು ಅದೂ ಬರುತ್ತದೆ ಎಂದು ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೆಪ್ಟೆಂಬರಿನಲ್ಲಿ ಶಿಕ್ಷಣ ಇಲಾಖೆಯ ಕಾಗದ ಬಂತು. ಹೈಸ್ಕೂಲು ತುಂಬಿ ತುಳುಕುತ್ತಿದೆ, ಆದ್ದರಿಂದ ಗಡಿ ಬದಲಿಸಿದ್ದೇವೆ, ನಿಮ್ಮ ಬೀದಿ ಇನ್ನು ಆಚೆಗೆ. ಜುಲೈ ಹದಿನಾಲ್ಕರಂದು ಅಲ್ಲೇ ವಾಸವಿದ್ದವರ ಮಕ್ಕಳಿಗೆ ಮಾತ್ರ ಸೀಟು ಉಳಿಯುತ್ತದೆ. ಉಳಿದವರು ಇಪ್ಪತ್ತು ನಿಮಿಷ ಬಸ್ಸು ಹತ್ತಿ ಬೇರೆ ಶಾಲೆಗೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎರಡು ಹಾಸಿಗೆ! ಎರಡೇ ಎರಡು ಹಾಸಿಗೆ ಹಾಕಿದ್ದರೆ ಸಾಕಿತ್ತಲ್ಲ! ರಾಜಗೋಪಾಲ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಕಸ್ತೂರಿಗೆ ಜಗಳವಾಡುವ ಸಮಾಧಾನವಾದರೂ ಸಿಗುತ್ತಿತ್ತು.

ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು. ಅಬ್ಬಬ್ಬಾ, ಅದೇನು ಸಭೆಯೋ ಸಂತೆಯೋ! ಗೆರೆಯ ಒಳಗಿದ್ದವರು "ನಮ್ಮ ಮಕ್ಕಳು ಜಾಗ ಸಾಲದೆ ಕಂಟೇನರ್ ಕ್ಲಾಸುಗಳಲ್ಲಿ ಬೇಯಬೇಕಾ?" ಎಂದರು. ಹೊರಗೆ ಬಿದ್ದವರು "ಹಾಗಾದ್ರೆ ನಮ್ಮ ಮಕ್ಕಳು ಮಕ್ಕಳಲ್ವಾ?" ಎಂದರು. ನೆರೆತಲೆಯ ಬಿಳಿಯನೊಬ್ಬ ಎದ್ದು, ಸೀಟಿಗಾಗಿ ಮನೆ ಕೊಂಡು ಖಾಲಿ ಇಡುವವರೂ ಇದ್ದಾರೆ ಎಂದ. ಅವನಿಗೆ ಚಪ್ಪಾಳೆ ಬಿತ್ತು, ಚಪ್ಪಾಳೆ ತಟ್ಟಿದವರಲ್ಲಿ ನಮ್ಮವರೂ ಇದ್ದರು. ಮರುದಿನದಿಂದ ಬೀದಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರ ಮನೆಯ ದೀಪ ಯಾವ ತಿಂಗಳಿಂದ ಉರಿಯುತ್ತಿದೆ, ಯಾರ ಕಸದ ಡಬ್ಬಿ ಯಾವಾಗ ಹೊರಗೆ ಬಂತು ಎಂಬುದೇ ಚರ್ಚೆ. ಬೇಸಿಗೆಯಲ್ಲಿ ಒಟ್ಟಿಗೆ ಕೂತು ಬಾರ್ಬೆಕ್ಯೂ ಮಾಡಿದ್ದ ಮಂದಿಯೇ ಅವರೆಲ್ಲ!

ಮೇಲ್ಮನವಿಗೆ ಅವಕಾಶವಿತ್ತು. ಜುಲೈಯಿಂದ ಅಲ್ಲೇ ಇದ್ದೇವೆಂದು ಪ್ರಮಾಣಪತ್ರ ಕೊಡಬೇಕು, ಅಕ್ಕಪಕ್ಕದವರು ಸಾಕ್ಷಿ ಹೇಳಿದರೆ ಒಳ್ಳೆಯದು. ಕಸ್ತೂರಿ ಸುಮತಿಯ ಅಡುಗೆಮನೆಗೆ ಹೋಗಿ ಕೂತಳು.

"ಒಂದು ಸಹಿ ಕಣೆ ಸುಮಾ. ನನಗಲ್ಲ, ನಮ್ಮ ಅಪ್ಪುಗೋಸ್ಕರ."

ಸುಮತಿ ಒಗ್ಗರಣೆ ಸೌಟು ಕೆಳಗಿಟ್ಟಳು. "ಬೇಕಾದ್ರೆ ನನ್ ಕಿಡ್ನಿ ಕೇಳು, ಕೊಡ್ತೀನಿ. ಇದು ಬೇಡ. ಗೃಹಪ್ರವೇಶದ ಫೋಟೋ ಇಡೀ ಪರ್ತಿನ ಹತ್ರ ಇದೆ. ಸುಳ್ಳು ಅಂತ ಗೊತ್ತಾದ್ರೆ ರಂಜನಿ ಸೀಟೂ ಹೋಗತ್ತೆ."

"ಅಪ್ಪು ಗತಿ ಏನು?"

"ಬೈಕೋ ನನ್ನ. ಬೈದ್ಬಿಡು," ಎಂದು ಸುಮತಿ ಅತ್ತಳು. ಕಸ್ತೂರಿ ಬೈಯಲೂ ಇಲ್ಲ, ಕಾಫಿ ಮುಟ್ಟಲೂ ಇಲ್ಲ.

"ಸುಳ್ಳು ಬರೆದ್ರೆ ಡಾಕ್ಟರ್ ಲೈಸೆನ್ಸ್ ಹೋಗತ್ತೆ, ಹುಚ್ಚಾ ನಿನಗೆ?" ಎಂದ ರಾಜಗೋಪಾಲ. ಅವಳು ಒಬ್ಬಳೇ ಕೂತು, ಜುಲೈ ಮೂರರಿಂದ ಇಲ್ಲೇ ವಾಸವೆಂದು ಬರೆದು ಸಹಿ ಹಾಕಿದಳು. ಮಗಳಿಗೆ ಏನೂ ಹೇಳಿಕೊಡಲಿಲ್ಲ. ಎರಡು ವರ್ಷದಿಂದ ಹೊರಗಿನವರ ಮುಂದೆ ಬಾಯೇ ತೆರೆಯದ ಮಗುವಿಗೆ ಹೇಳಿಕೊಡುವುದಾದರೂ ಏನನ್ನು? ಆ ಯೋಚನೆಯೇ ಅವಳಿಗೆ ಬರಲಿಲ್ಲ.

ವಿಚಾರಣೆಗೆ ಮಗುವನ್ನೂ ಕರೆತನ್ನಿ ಎಂದಿದ್ದರು. ಒಳ್ಳೆಯದೇ ಆಯಿತು, ಕಣ್ಣಾರೆ ನೋಡಿದರೆ ಕರಗುತ್ತಾರೆ ಎಂದುಕೊಂಡು ಕಸ್ತೂರಿ ಅಪೂರ್ವಳಿಗೆ ನೀಲಿ ಸ್ವೆಟರ್ ಹಾಕಿಸಿದಳು.

ಹೈಸ್ಕೂಲಿನ ಉಪಪ್ರಾಂಶುಪಾಲರು ಬಿಳಿಗೂದಲಿನ ಹೆಂಗಸು. ಕಡುಚಳಿಯ ಜುಲೈಯಲ್ಲಿ ಕರೆಂಟ್ ಬಿಲ್ಲು ಯಾಕಿಷ್ಟು ಕಡಿಮೆ ಎಂದರು. ನಾವು ಹೀಟರ್ ಹಾಕುವುದಿಲ್ಲ ಎಂದಳು ಕಸ್ತೂರಿ. ಅವರು ತಲೆಯಾಡಿಸಿ, ಚಿಕಿತ್ಸೆ ಕೊಡುವವರ ಪತ್ರವನ್ನು ಎರಡು ಸಲ ಓದಿ, ಕುರ್ಚಿ ತಿರುಗಿಸಿ ಅಪೂರ್ವಳ ಪಕ್ಕಕ್ಕೆ ಕೂತರು. ಅವಳ ಮುಖ ನೋಡದೆ ಕಾಗದದ ಮೇಲೆ ಒಂದು ಮನೆ ಬರೆದು ಪೆನ್ಸಿಲನ್ನು ಅವಳ ಕಡೆ ಸರಿಸಿದರು. ಎಂಥೆಂಥ ಮಕ್ಕಳನ್ನೋ ಪಳಗಿಸಿದ ಕೈ ಅದು.

"ಹೊಸ ಮನೆಯಲ್ಲಿ ನಿನಗೆ ತುಂಬಾ ಇಷ್ಟವಾದದ್ದು ಏನು?" ಎಂದರು ಇಂಗ್ಲಿಷಿನಲ್ಲಿ.

"ಅವಳು ಮಾತಾಡಲ್ಲ," ಎಂದಳು ಕಸ್ತೂರಿ.

"ಹಾಲು," ಎಂದಳು ಅಪೂರ್ವ.

ಮಗಳು ಕಾಗದದ ಮನೆಯೊಳಗೆ ಪಾತ್ರೆ ಬರೆಯುತ್ತ, ಮೆಲ್ಲಗೆ, ಇಂಗ್ಲಿಷಿನಲ್ಲೇ ಹೇಳಿದಳು. "ನಾನೂ ರಂಜನಿಯೂ ಒಲೆ ಹಚ್ಚಿದ್ವಿ. ಹಾಲು ಉಕ್ಕಿತು. ಆಗಸ್ಟ್ ಇಪ್ಪತ್ತಕ್ಕೆ. ಅದಕ್ಕೆ ಮುಂಚೆ ಅಲ್ಲಿ ಮಲಗೋ ಹಾಗಿರಲಿಲ್ಲ. ಮಲಗಿದ್ರೆ ನನ್ನ ಮಾತು ವಾಪಸ್ ಬರಲ್ಲ ಅಂತ ಅಮ್ಮ ಹೇಳಿದ್ಲು." ಆಮೇಲೆ ಅಮ್ಮನ ಕಡೆ ತಿರುಗಿದಳು. ಮುಖದ ತುಂಬ ನಗು. ನೋಡು, ಬಂತು ಎನ್ನುವ ನಗು.

ಎರಡು ವರ್ಷ ಯಾವ ದನಿಗಾಗಿ ಕಂಡಕಂಡ ದೇವರಿಗೆ ಕೈ ಮುಗಿದಿದ್ದಳೋ ಅದೇ ದನಿ. ಅಪ್ಪಿಕೊಳ್ಳಬೇಕಿತ್ತು. ಕಸ್ತೂರಿ ಕೂತಲ್ಲೇ ಕಲ್ಲಾದಳು. ಉಪಪ್ರಾಂಶುಪಾಲರು ಪ್ರಮಾಣಪತ್ರದ ಜುಲೈ ಮೂರರ ಮೇಲೆ ಬೆರಳಿಟ್ಟರು. "ಎಷ್ಟು ಚೆನ್ನಾಗಿ ಮಾತಾಡಿದೆ ಪುಟ್ಟ," ಎಂದರು. ಆಮೇಲೆ, "ಕ್ಷಮಿಸಿ ಡಾಕ್ಟರ್, ಇದನ್ನ ನಾನು ಬರೆಯಲೇಬೇಕು," ಎಂದರು.

ಕಾರಿನಲ್ಲಿ ಅಪೂರ್ವ ಸೀಟ್ ಬೆಲ್ಟ್ ಹಾಕಿಕೊಂಡು ಕೇಳಿದಳು, "ರಂಜನಿ ಜೊತೆ ಹೋಗ್ತೀನಾ?"

"ಎರಡು ವರ್ಷ ಬಾಯಿ ಮುಚ್ಕೊಂಡಿದ್ದೆ," ಎಂದಳು ಕಸ್ತೂರಿ. "ಇವತ್ತೊಂದಿನ ಮುಚ್ಕೊಂಡಿರಕ್ಕೆ ಏನಾಗಿತ್ತೇ ನಿಂಗೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದ ಕ್ಷಣವೇ ನಾಲಗೆ ಕಚ್ಚಿಕೊಂಡಳು, ಹಿಂದೆ ತಿರುಗಿದಳು, ಸಾರಿ ಪುಟ್ಟೀ ಎಂದಳು, ಅತ್ತಳು. ಅಪೂರ್ವ ಕಿಟಕಿಯಾಚೆ ನೋಡುತ್ತಿದ್ದಳು.

ಫೆಬ್ರವರಿಯಲ್ಲಿ ಶಾಲೆ ಶುರುವಾಯಿತು. ಬೆಳಿಗ್ಗೆ ಒಂದೇ ಬೀದಿಯಿಂದ ಇಬ್ಬರು ಹುಡುಗಿಯರು ಹೊರಡುತ್ತಾರೆ, ಒಬ್ಬಳು ನಡೆದು, ಒಬ್ಬಳು ಬಸ್ಸಿಗೆ. ಪ್ರಮಾಣಪತ್ರದ ಬಗ್ಗೆ ವಿವರಣೆ ಕೇಳಿ ಬಂದ ಕಾಗದ ಫ್ರಿಜ್ಜಿನ ಮೇಲಿದೆ. ಮೂರನೆಯ ವಾರ ಹೊಸ ಶಾಲೆಯ ಟೀಚರು ಫೋನ್ ಮಾಡಿ, ಮಗು ಇನ್ನೂ ಒಂದು ಮಾತೂ ಆಡಿಲ್ಲ, ಮನೆಯಲ್ಲಿ ಹೇಗೆ ಎಂದು ವಿಚಾರಿಸಿದರು. ಚೆನ್ನಾಗಿದ್ದಾಳೆ ಎಂದು ಕಸ್ತೂರಿ ಇನ್ನೊಂದು ಸುಳ್ಳು ಹೇಳಿ ಫೋನಿಟ್ಟಳು.

"ತಿಂಡಿಗೆ ಏನ್ ಮಾಡ್ಲಿ ಅಪ್ಪು?" ಎಂದು ಕೇಳಿದಳು.

ಅಪೂರ್ವ ಬೆರಳೆತ್ತಿ ದೋಸೆಹಿಟ್ಟಿನ ಡಬ್ಬಿ ತೋರಿಸಿದಳು.