ಮೇಲ್ಮನವಿಗೆ ಬಂದ ಕಾಮಾಲೆ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಹೇಳಿಕೊಳ್ಳುವ ಪ್ರಕಾರ, ವಕೀಲ ಭೀಮರಾಜರ ಮೇಜಿನ ಖಾನೆಯಲ್ಲಿ ಒಂದು ಪ್ರಮಾಣಪತ್ರ ಸದಾ ಸಿದ್ಧವಾಗಿರುತ್ತಿತ್ತು: 'ಕಕ್ಷಿದಾರರು ಕಾಮಾಲೆಯಿಂದ ನರಳುತ್ತ ನಾಟಿ ಔಷಧಿಯ ಪಥ್ಯದಲ್ಲಿದ್ದುದರಿಂದ ಮೇಲ್ಮನವಿ ತಡವಾಯಿತು.' ಹೆಸರಿನ ಜಾಗ ಮಾತ್ರ ಖಾಲಿ. ಮೂವತ್ತು ವರ್ಷಗಳಲ್ಲಿ ಅವರು ಅರ್ಧ ತಾಲ್ಲೂಕಿಗೆ ಕಾಮಾಲೆ ತರಿಸಿದ್ದರು. ಕಣ್ಣು ಹಳದಿಯಾದವರು ಒಬ್ಬರೂ ಇರಲಿಲ್ಲ.

ಎಡವಿದ್ದು ಮುನಿರತ್ನಮ್ಮನ ಗೋಡೆ ವ್ಯಾಜ್ಯದಲ್ಲಿ. ನೇಕಾರರ ಮನೆಯ ಆ ಮುದುಕಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವುದರಲ್ಲಿ ಹೆಸರಾದವಳು. ಅವಳು ಸಹಿ ಹಾಕಿಕೊಟ್ಟಿದ್ದ ಖಾಲಿ ಹಾಳೆಯಲ್ಲಿ ಭೀಮರಾಜರು ಎಂದಿನ ವಾಕ್ಯವನ್ನೇ ಬರೆಸಿದರು. ಅದನ್ನು ನ್ಯಾಯಾಲಯದಲ್ಲಿ ಗಟ್ಟಿಯಾಗಿ ಓದಿದ್ದೇ ತಡ, ಬೀದಿಗೆಲ್ಲ ಸುದ್ದಿ: "ಔಷಧಿ ಕೊಡೋಳ್ಗೇ ಕಾಮಾಲೆ ಅಂತೆ ಕಣೋ!" ರೋಗಿಗಳು ಬರುವುದು ನಿಂತಿತು. ಮುನಿರತ್ನಮ್ಮ ವಕೀಲರ ಶಿಸ್ತು ಸಮಿತಿಗೆ ದೂರು ಕೊಟ್ಟಳು. ಪ್ರಮಾಣಪತ್ರದ ಅಕ್ಷರ ಅಕ್ಷರವೂ ಸತ್ಯವೆಂದು ಭೀಮರಾಜರು ವಾದಿಸಿದರು. ಸಮಿತಿ ಒಂದು ವರ್ಷ ಕರಿಕೋಟು ಬಿಚ್ಚಿಡಿಸಿತು.

"ಮೇಲಿನ ಸಮಿತಿಗೆ ಹೋಗೋಕೆ ಅರವತ್ತು ದಿನ ಇದೆ, ಬಿಡಯ್ಯಾ" ಎಂದರು ಅವರು, ತಮ್ಮಷ್ಟೇ ನರೆತ ಗುಮಾಸ್ತ ಕೆಂಪರಾಜನಿಗೆ. ಕೊನೆಯ ದಿನಕ್ಕೆ ಮುಂಚೆ ಅರ್ಜಿ ಹಾಕುವುದು ಅವರಿಗೆ ಊಟಕ್ಕೆ ಕರೆಯುವ ಮೊದಲೇ ಎಲೆಯ ಮುಂದೆ ಕೂತಂತೆ ಅನಿಸುತ್ತಿತ್ತು.

ಐವತ್ತನೆಯ ದಿನ ಕನ್ನಡಿಯಲ್ಲಿ ಕಣ್ಣು ಹಳದಿಯಾಗಿ ಕಂಡಿತು. ಊರಿನ ಎಲ್ಲರಂತೆ ಅವರಿಗೂ ಕಾಮಾಲೆಗೆ ಆಸ್ಪತ್ರೆ ನೆನಪಾಗಲಿಲ್ಲ. ನೆನಪಾದದ್ದು ಒಂದೇ ಬಾಗಿಲು.

"ಬನ್ನಿ ಲಾಯರಪ್ಪಾ, ಈ ಸಲ ನಿಮ್ಗೇ ಬಂದ್ಬಿಡ್ತಾ?" ಎಂದಳು ಮುನಿರತ್ನಮ್ಮ.

ಬಂದವರನ್ನು ಹಿಂದಕ್ಕೆ ಕಳಿಸುವಂತಿಲ್ಲ, ಕಾಸು ಮುಟ್ಟುವಂತಿಲ್ಲ ಎಂಬುದು ಅವಳ ಮನೆತನದ ಕಟ್ಟಳೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು. ಉಪ್ಪಿಲ್ಲದ ಪಥ್ಯ ಮುಗಿಸಿ ಭೀಮರಾಜರು ಎದ್ದಾಗ ಎಪ್ಪತ್ತೊಂದನೆಯ ದಿನ.

ಕೆಂಪರಾಜ ಖಾನೆಯ ಹಾಳೆ ತೆಗೆದು ಯಜಮಾನರ ಹೆಸರನ್ನೇ ತುಂಬಿದ. ಸಹಿ ಹಾಕುವ ಮುನ್ನ ಭೀಮರಾಜರು ಅದನ್ನು ಎರಡು ಸಲ ಓದಿದರು. ನಿಜವನ್ನು ಬರೆದು ರೂಢಿ ಇರಲಿಲ್ಲ. ಮೇಲಿನ ಸಮಿತಿಯ ಕಚೇರಿ ಕೇಳಿತು: "ಇದಕ್ಕೆ ಸಾಕ್ಷಿ ಯಾರು?"

ಮತ್ತೆ ಅದೇ ಬಾಗಿಲು.

"ನಾನ್ ಹೇಳ್ದಂಗೇ ಬರೀರಿ" ಎಂದಳು ಮುನಿರತ್ನಮ್ಮ. ಕೆಂಪರಾಜ ಬರೆದುಕೊಂಡ: 'ವಕೀಲರಿಗೆ ಕಾಮಾಲೆ ಬಂದದ್ದು ನಿಜ, ನಾನೇ ಔಷಧಿ ಕೊಟ್ಟೆ. ನನಗೆ ಮಾತ್ರ ಈ ಜನ್ಮದಲ್ಲಿ ಬಂದಿಲ್ಲ.'

"ಕೊನೇದೊಂದು ಬಿಟ್ಬಿಡೋಣ್ವಾ, ತಾಯಿ?" ಭೀಮರಾಜರು ಮೆಲ್ಲಗೆ ಕೇಳಿದರು.

"ಬಿಡಿ. ನನ್ ಸಹೀನೂ ಬಿಟ್ಬಿಡೋಣ."

ಆ ಹಾಳೆಯಿಲ್ಲದೆ ಮೇಲ್ಮನವಿ ಬಾಗಿಲನ್ನೇ ದಾಟದು. ಭೀಮರಾಜರು ಕಣ್ಣು ಮುಚ್ಚಿ ಸಲ್ಲಿಸಿದರು. ಮೇಲಿನ ಸಮಿತಿ ಅದನ್ನು ಪೂರ್ತಿ ನಂಬಿತು: ಮೊದಲ ವಾಕ್ಯ ನೋಡಿ ವಿಳಂಬವನ್ನು ಮನ್ನಿಸಿತು, ಕೊನೆಯ ವಾಕ್ಯ ನೋಡಿ ಮೇಲ್ಮನವಿಯನ್ನು ವಜಾ ಮಾಡಿತು.

ಮುನಿರತ್ನಮ್ಮ ಆದೇಶದ ಮೊಹರಿನ ಪ್ರತಿಯನ್ನು ತರಿಸಿ, ಕಟ್ಟು ಹಾಕಿಸಿ, ಅರೆಯುವ ಕಲ್ಲಿನ ಮೇಲಿನ ಗೋಡೆಗೆ ತೂಗುಹಾಕಿದಳು. ಮರುವಾರವೇ ಜಗಲಿಯ ಮೇಲೆ ರೋಗಿಗಳ ಸಾಲು.

"ಇನ್ನೂ ಸುಪ್ರೀಂ ಕೋರ್ಟ್ ಇದೆ. ಅಲ್ಲಿಗೂ ಅರವತ್ತು ದಿನ" ಎಂದರು ಭೀಮರಾಜರು.

ಕೆಂಪರಾಜ ಹತ್ತಿರ ಬಂದು ಯಜಮಾನರ ರೆಪ್ಪೆ ಎಳೆದು ಕಣ್ಣು ನೋಡಿದ. "ಈಗ ಬೆಳ್ಳಗಿದೆ. ಇವತ್ತೇ ಹಾಕ್ಬಿಡಿ, ಸ್ವಾಮಿ."